ಎರಡು ಬ್ಯಾಟರಿ, ಒಂದೇ ನೊಗ

ಗೌರಿಬಿದನೂರಿನ ಬಳಿ 1976ರಲ್ಲಿ ಸಿದ್ಧವಾದ ರೇಡಿಯೊ ದೂರದರ್ಶಕದಲ್ಲಿ ಸಾವಿರ ಡೈಪೋಲ್ ಆಂಟೆನಾಗಳನ್ನು ‘ಟಿ’ ಅಕ್ಷರದ ಆಕಾರದಲ್ಲಿ ಜೋಡಿಸಲಾಗಿತ್ತು. ಒಂದರಿಂದ ಆಗದ ಕೆಲಸ ಸಾವಿರ ಕೂಡಿದಾಗ ಆಯಿತು. ಆದರೆ ಎಲ್ಲವುಗಳ ಸಂಕೇತವೂ ತಾಳ ತಪ್ಪದೆ ಸೇರಬೇಕಿತ್ತು. ಮನೆಯ ಇನ್ವರ್ಟರಿಗೆ ಇನ್ನೊಂದು ಬ್ಯಾಟರಿ ಸೇರಿಸುವಾಗಲೂ ಅಷ್ಟೇ, ಹೊಂದಾಣಿಕೆ ಮುಖ್ಯ.

ಪರೀಕ್ಷೆಯ ದಿನಗಳಲ್ಲಿ ಕರೆಂಟು ಹೋದರೂ ಮಕ್ಕಳ ಓದು ನಿಲ್ಲದಿರಲಿ ಎಂದು ಪೋಷಕರು ಎರಡನೆಯ ಬ್ಯಾಟರಿ ಕೊಳ್ಳುವುದುಂಟು. ಆ ದುಬಾರಿ ಖರ್ಚು ಸಾರ್ಥಕವಾಗುವುದು ಸರಿಯಾದ ಜೋಡಣೆಯಿಂದ.

ಮಾಳಿಗೆಯ ಮೇಲೆ ಎರಡು ನೀರಿನ ಟ್ಯಾಂಕುಗಳನ್ನು ಅಕ್ಕಪಕ್ಕ ಇಟ್ಟು, ತಳದಲ್ಲಿ ಪೈಪಿನಿಂದ ಸೇರಿಸಿದಿರೆನ್ನಿ. ನಲ್ಲಿಯ ರಭಸ ಹೆಚ್ಚುವುದಿಲ್ಲ, ನೀರು ಮಾತ್ರ ಹೆಚ್ಚು ಹೊತ್ತು ಬರುತ್ತದೆ. ಸಮಾಂತರ ಜೋಡಣೆಯೂ ಹೀಗೆಯೇ. ಧನ ತುದಿಗೆ ಧನ, ಋಣ ತುದಿಗೆ ಋಣ ಸೇರಿಸಿದರೆ 12 ವೋಲ್ಟ್, 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳು 12 ವೋಲ್ಟ್, 300 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಂತಾಗುತ್ತವೆ. ಒಂದರ ಧನ ತುದಿಯನ್ನು ಇನ್ನೊಂದರ ಋಣ ತುದಿಗೆ ಸೇರಿಸಿದರೆ ಅದು ಸರಣಿ ಜೋಡಣೆ. ಆಗ 24 ವೋಲ್ಟ್, 150 ಆಂಪಿಯರ್-ಗಂಟೆ. ಎರಡರಲ್ಲೂ ಇರುವ ಶಕ್ತಿ 3,600 ವಾಟ್-ಗಂಟೆಯೇ. ಆದ್ದರಿಂದ ಮೊದಲು ಇನ್ವರ್ಟರಿನ ಮೇಲೆ ಬರೆದ ವೋಲ್ಟ್ ನೋಡಿ. 12 ಎಂದಿದ್ದರೆ ಸಮಾಂತರವೇ ಸರಿ. ಸರಣಿಯ 24 ವೋಲ್ಟ್ ಅದನ್ನು ಸುಟ್ಟುಹಾಕಬಹುದು.

ಈಗ ಒಂದು ಲೆಕ್ಕ. ಫ್ಯಾನು, ದೀಪಗಳು ಸೇರಿ 240 ವಾಟ್ ಎನ್ನಿ. ಇನ್ವರ್ಟರಿನ ನಷ್ಟವೂ ಸೇರಿ ಬ್ಯಾಟರಿಯಿಂದ ಸುಮಾರು 24 ಆಂಪಿಯರ್ ಬೇಕು. 150ನ್ನು 24ರಿಂದ ಭಾಗಿಸಿದರೆ ಆರು ಗಂಟೆಗೂ ಮೇಲೆ ಬರುತ್ತದೆ. ಅಷ್ಟು ಸಿಗುವುದಿಲ್ಲ. ಸಾಮಾನ್ಯವಾಗಿ ಆ 150 ಎಂಬುದು 20 ಗಂಟೆಯಲ್ಲಿ ನಿಧಾನವಾಗಿ ಬರಿದು ಮಾಡಿದಾಗಿನ ಅಳತೆ. ಬೇಗ ಎಳೆದಷ್ಟೂ ಸೀಸ-ಆಮ್ಲ ಬ್ಯಾಟರಿ ಕಡಿಮೆ ಕೊಡುತ್ತದೆಂದು ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ತೋರಿಸಿದ. ಎರಡಿದ್ದಾಗ ಒಂದೊಂದರ ಪಾಲಿಗೆ 12 ಆಂಪಿಯರ್ ಮಾತ್ರ. ಹಾಗಾಗಿ ಸಿಗುವ ಹೊತ್ತು ಎರಡರಷ್ಟಕ್ಕಿಂತ ತುಸು ಹೆಚ್ಚೇ!

ಆದರೆ ಮುದಿ ಎತ್ತಿನ ಜೊತೆ ಹೋರಿಯನ್ನು ನೊಗಕ್ಕೆ ಕಟ್ಟಿದರೆ ಉಳುಮೆ ಸಾಗೀತೇ? ಹಳೆಯ ಬ್ಯಾಟರಿಯ ಜೊತೆ ಹೊಸದನ್ನು ಸೇರಿಸಿದರೆ ಭಾರವೆಲ್ಲ ಹೊಸದರ ಮೇಲೆ. ಹಳೆಯದರ ಒಂದು ಕೋಶ ಕೆಟ್ಟಿದ್ದರೆ, ಸುಮ್ಮನಿದ್ದಾಗಲೂ ಅದು ಹೊಸದರ ಚಾರ್ಜನ್ನು ಹೀರುತ್ತದೆ. ಒಂದೇ ಕಂಪನಿಯ, ಒಂದೇ ಅಳತೆಯ, ಒಂದೇ ವಯಸ್ಸಿನ ಎರಡನ್ನು ಪೂರ್ತಿ ಚಾರ್ಜ್ ಮಾಡಿ ಸೇರಿಸಬೇಕು. ಇನ್ವರ್ಟರಿನ ಧನ ತಂತಿಯನ್ನು ಮೊದಲನೆಯದಕ್ಕೂ ಋಣ ತಂತಿಯನ್ನು ಎರಡನೆಯದಕ್ಕೂ ಕೊಟ್ಟರೆ ಇಬ್ಬರಿಗೂ ಸಮಪಾಲು. ಚಾರ್ಜ್ ಆಗಲು ಸುಮಾರು ಎರಡರಷ್ಟು ಹೊತ್ತು ಬೇಕೆಂಬುದೂ ನೆನಪಿರಲಿ.

ಚಾರ್ಜ್ ಆಗುವಾಗ ಜಲಜನಕ ಅನಿಲ ಹೊಮ್ಮುತ್ತದೆ. ಗಾಳಿಯಾಡುವ ಜಾಗ ಬೇಕು, ಹತ್ತಿರ ಬೆಂಕಿ ಕೂಡದು. ವಿದ್ಯಾರ್ಥಿಗಳೇ, ಲೆಕ್ಕ ನೀವು ಮಾಡಿ. ತಂತಿ ಜೋಡಿಸುವ ಕೆಲಸ ಮಾತ್ರ ತಿಳಿದ ಎಲೆಕ್ಟ್ರಿಷಿಯನ್ನಿಗೇ ಇರಲಿ.