ಹಳೆಯ ಕನ್ನಡ ಜಾಲತಾಣಕ್ಕೆ ಮರುಜೀವ

ಇಪ್ಪತ್ತು ವರ್ಷದ ಹಿಂದೆ ಮಾಡಿಸಿದ ನಿಮ್ಮ ಸಂಘದ ಜಾಲತಾಣವನ್ನು ಈಗ ತೆರೆದರೆ ಅಕ್ಷರಗಳ ಬದಲು ಅರ್ಥವಾಗದ ಚಿಹ್ನೆಗಳೇ ಕಾಣುತ್ತಿವೆಯೇ?

ಕಾರಣ ಇಷ್ಟೇ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ವೇಷ ತೊಡಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ; ಕನ್ನಡದಲ್ಲಿ ಹುಡುಕಿದರೂ ಪುಟ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳು ಮೀಸಲು. ಅಲ್ಲಿ ‘ಕ’ ಎಲ್ಲಿದ್ದರೂ ‘ಕ’ವೇ.

ಜಾಲತಾಣ ಹೊಸದಾಗಿಸಲು ಸಣ್ಣ ವೆಬ್ ಸಂಸ್ಥೆಗೆ ಕೊಡುವಾಗ ಮೂರು ಮಾತು ಮೊದಲೇ ಹೇಳಿ.

ಒಂದು, ಹಳೆಯ ಬರಹವನ್ನೆಲ್ಲ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರಬೇಕು.

ಎರಡು, ಆಗ ಒತ್ತಕ್ಷರ, ಅರ್ಕಾವತ್ತು ಸ್ಥಳ ತಪ್ಪುವುದುಂಟು. ಮಾಡುವವರಿಗೆ ಕನ್ನಡ ಬಾರದಿದ್ದರೆ ತಪ್ಪು ಕಣ್ಣಿಗೇ ಬೀಳದು. ಸಂಘದವರೊಬ್ಬರು ಕುಳಿತು ಓದಿ ತಿದ್ದಲೇಬೇಕು.

ಮೂರು, ಡೊಮೇನ್ ಸಂಘದ ಹೆಸರಿನಲ್ಲೇ ನೋಂದಣಿಯಾಗಲಿ. ಇಲ್ಲವಾದರೆ ಆ ಸಂಸ್ಥೆ ಮುಚ್ಚಿದ ದಿನ ನಿಮ್ಮ ವಿಳಾಸವೂ ಕೈತಪ್ಪಬಹುದು.

ಹಿರಿಯರು ಸ್ಮರಣ ಸಂಚಿಕೆಗೆ ಬರೆದ ಲೇಖನಗಳು ಆ ಚಿಹ್ನೆಗಳ ಹಿಂದೆಯೇ ಅಡಗಿವೆ. ಮುಂಬೈಯಲ್ಲೋ ದೆಹಲಿಯಲ್ಲೋ ಹುಟ್ಟಿದ ಮೊಮ್ಮಗಳ ಮೊಬೈಲಿನಲ್ಲೂ ಅವು ಕನ್ನಡವಾಗಿಯೇ ಕಾಣಬೇಕಲ್ಲವೇ?