ನಿಮಗಿದು ಗೊತ್ತೆ?: ಮನೆ ಸಿಕ್ಕರೂ ಊರು ಸಿಗದವರು

1972ರ ಫೆಬ್ರುವರಿ 26ರ ಬೆಳಿಗ್ಗೆ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ಒಡ್ಡು ಒಡೆಯಿತು. ನುಗ್ಗಿದ ನೀರಿಗೆ ಬಫೆಲೊ ಕ್ರೀಕ್ ಕಣಿವೆಯಲ್ಲಿ 125 ಜನ ಸತ್ತರು, ಸುಮಾರು 4,000 ಜನ ಮನೆ ಕಳೆದುಕೊಂಡರು.

ಬದುಕುಳಿದವರ ಸಂಕಟ ಅರಿಯಲು ಹೋದವರು ಸಮಾಜಶಾಸ್ತ್ರಜ್ಞ ಕಾಯ್ ಎರಿಕ್ಸನ್. ಸಂತ್ರಸ್ತರಿಗೆ ತಾತ್ಕಾಲಿಕ ಮನೆಗಳೇನೋ ಸಿಕ್ಕಿದ್ದವು. ಆದರೆ ಹಂಚುವಾಗ ಯಾರ ನೆರೆಯಲ್ಲಿ ಯಾರಿದ್ದರೆಂದು ನೋಡಿರಲಿಲ್ಲ. ಓಣಿ ಒಡೆದುಹೋಯಿತು, ಕಷ್ಟಕ್ಕೆ ಕೂಗಿದರೆ ಓಗೊಡುವವರು ದೂರವಾದರು. ಒಬ್ಬೊಬ್ಬರ ಆಘಾತದ ಜೊತೆಗೆ ಇಡೀ ಸಮುದಾಯಕ್ಕೇ ಆಗುವ ಆಘಾತವೊಂದಿದೆ ಎಂದು ಎರಿಕ್ಸನ್ 1976ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಮುಂದೆ ಅವರು ತ್ರೀ ಮೈಲ್ ಐಲೆಂಡ್ ಅಣು ಅಪಘಾತದಂಥ ದುರಂತಗಳನ್ನೂ ಅಭ್ಯಸಿಸಿದರು.

ಮಲ್ಲಸಮುದ್ರದವರಿಗೆ ಇದು ದೂರದ ಕಥೆಯಲ್ಲ. 2009ರಲ್ಲಿ ಮಲಪ್ರಭೆ ಉಕ್ಕಿದಾಗ ನಮ್ಮದೇ ಗದಗ ಜಿಲ್ಲೆಯ ರೋಣ, ನರಗುಂದ ಭಾಗದ ಹೊಳೆದಂಡೆಯ ಊರುಗಳು ಮುಳುಗಿದವು. ಸಂತ್ರಸ್ತರಿಗಾಗಿ ‘ಆಸರೆ’ ಯೋಜನೆಯಲ್ಲಿ ಬೇರೆಡೆ ಹೊಸ ಮನೆಗಳೆದ್ದವು. ಆದರೆ ಹೊಲ, ಗುಡಿ, ಕಟ್ಟೆ ಹಳೆಯ ಊರಲ್ಲೇ ಉಳಿದವು.

ಮನೆ ಹಂಚುವವರು ಪಟ್ಟಿ ಮಾಡುವ ಮೊದಲು ಪ್ರತಿ ಓಣಿಯ ಹಿರಿಯರನ್ನು ಒಮ್ಮೆ ಕೂರಿಸಿ ಕೇಳಲಿ.