ಅಟ್ಟದ ಮೇಲಣ ಹಳೆಯ ಪ್ಲೇಟುಗಳು

ಮೇಲುಕೋಟೆಯ ಹಳೆಯ ಮನೆಗಳ ಅಟ್ಟಗಳಲ್ಲಿ ಏನೇನಿರುತ್ತದೆಂಬುದನ್ನು ಆ ಊರಿನ ಕೇರಿಗಳಲ್ಲಿ ಬೆಳೆದವರಿಗೆ ಹೇಳಬೇಕಾದುದಿಲ್ಲ. ಮದುವೆ ಮುಂಜಿಗಳಿಗೆಂದು ಇಟ್ಟಿದ್ದ ಹಿತ್ತಾಳೆಯ ಕೊಳಗಗಳು, ಕಾಲು ಮುರಿದ ತೊಟ್ಟಿಲು, ಓಲೆಗರಿಯ ಕಟ್ಟುಗಳು, ಹಳೆಯ ಪಂಚಾಂಗಗಳ ರಾಶಿ. ಇವುಗಳ ನಡುವೆ ಕೆಲವು ಮನೆಗಳಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಗ್ರಾಮಫೋನು ಪೆಟ್ಟಿಗೆಯೊಂದೂ, ಅದರ ಪಕ್ಕದಲ್ಲಿ ಕಪ್ಪು ಪ್ಲೇಟುಗಳ ಅಡಕೊಂದೂ ಇರುವುದುಂಟು. ಮನೆಯ ಮಕ್ಕಳು ಮೈಸೂರು, ಬೆಂಗಳೂರು, ಸಮುದ್ರದಾಚೆಯ ಊರುಗಳೆಂದು ಚದರಿಹೋಗಿದ್ದಾರೆ. ಬೀಗ ಬಿದ್ದ ಮನೆಗಳು ಒಂದೊಂದಾಗಿ ಕೈಬದಲಾಗುತ್ತಿವೆ. ಆಗ ಹಿತ್ತಾಳೆಗೆ ತೂಕದ ಬೆಲೆಯಾದರೂ ಬರುತ್ತದೆ. ಓಲೆಗರಿಗಳನ್ನು ಆದರದಿಂದ ನೋಡಲು ಊರಿನಲ್ಲಿಯೇ ಸಂಸ್ಕೃತ ಸಂಶೋಧನಾ ಸಂಸತ್ತು ಇದೆ. ಪ್ಲೇಟುಗಳನ್ನು ಕೇಳುವವರು ಮಾತ್ರ ಯಾರೂ ಇಲ್ಲ.

ಅಂತಹ ಒಂದು ಮನೆಯನ್ನು ಮಾರಾಟಕ್ಕಾಗಿ ಬರಿದುಮಾಡುತ್ತಿದ್ದಾಗ ನಾವು ಅಲ್ಲಿರುವ ಸಂದರ್ಭ ಒದಗಿತು. ಮನೆಯ ಹಿರಿಯಾಕೆ ಒಂದು ಕಟ್ಟನ್ನು ತೋರಿಸಿ, “ಇದನ್ನ ಗುಜರಿಯವನೂ ಬೇಡ ಅಂದುಬಿಟ್ಟ. ನಮ್ಮ ಮಾವನವರು ತಂದಿದ್ದು, ಎಸೆಯೋದಕ್ಕೆ ಮನಸ್ಸು ಬರೋದಿಲ್ಲ. ಇಟ್ಟುಕೊಂಡು ಏನು ಮಾಡಬೇಕು, ನೀವೇ ಹೇಳಿ” ಎಂದರು. ಈ ಪ್ರಶ್ನೆಯನ್ನು ಆಕೆಯೊಬ್ಬರೇ ಕೇಳುತ್ತಿರುವುದಲ್ಲವಾದುದರಿಂದ, ಇದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಅಪೇಕ್ಷಿಸುತ್ತೇವೆ.

ಮೊದಲು ಆ ಪ್ಲೇಟಿನ ಸ್ವರೂಪವನ್ನು ತಿಳಿಯೋಣ. ನಮ್ಮ ಹೆಣ್ಣುಮಕ್ಕಳ ಬಳೆಗಳಿಗೂ ಕಾಗದಪತ್ರಗಳ ಮೊಹರಿಗೂ ಉಪಯೋಗವಾಗುತ್ತಿದ್ದ ಅರಗೇ ಅದರ ಜೀವಾಳ. ಮರದ ಕೊಂಬೆಗಳ ಮೇಲೆ ಒಂದು ಬಗೆಯ ಕೀಟಗಳು ಕೂಡಿಸುವ ಈ ಅರಗನ್ನು ಶೋಧಿಸಿ, ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರಸಿ, ಬಿಸಿಯಲ್ಲಿ ಅಚ್ಚೊತ್ತಿ ತೆಗೆದ ತಟ್ಟೆಯದು. ನಿಮಿಷಕ್ಕೆ ಸುಮಾರು ೭೮ ಸುತ್ತು ತಿರುಗುವ ೧೦ ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುವುದು ಮೂರು ನಿಮಿಷಗಳ ಗಾನ ಮಾತ್ರ. ಒಂದು ರಾಗವನ್ನು ಗಂಟೆಗಟ್ಟಲೆ ವಿಸ್ತರಿಸಬಲ್ಲ ವಿದ್ವಾಂಸರು ಆ ಮೂರು ನಿಮಿಷಗಳ ಇಕ್ಕಟ್ಟಿನಲ್ಲಿ ಹೇಗೆ ನಿಂತು ಹಾಡಿದರೆಂಬುದೇ ಒಂದು ಸ್ವಾರಸ್ಯ. ೧೯೨೫ರ ಸುಮಾರಿಗೆ ವಿದ್ಯುತ್ತಿನ ಮೈಕು ಬರುವವರೆಗೆ ಗಾಯಕರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ಕಹಳೆಯ ಕೊನೆಯ ಸೂಜಿಯು ಆ ಧ್ವನಿಯ ಕಂಪನವನ್ನು ಮೇಣದ ಮೇಲೆ ಗೀಚುತ್ತಿತ್ತು.

ಈ ಕಾರ್ಯವು ನಮ್ಮ ದೇಶದಲ್ಲಿ ಕ್ರಮವಾಗಿ ಆರಂಭವಾದುದು ೧೯೦೨ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದವರು ಗ್ರಾಮಫೋನ್ ಕಂಪೆನಿಯ ಪರವಾಗಿ ಬಂದು, ಹೋಟೆಲೊಂದರ ಕೊಠಡಿಯಲ್ಲಿ ಯಂತ್ರವನ್ನು ಹೂಡಿ, ಆ ತಿಂಗಳ ೧೧ನೆಯ ತಾರೀಖು ಗೌಹರ್ ಜಾನ್ ಎಂಬ ಪ್ರಖ್ಯಾತ ಗಾಯಕಿಯಿಂದ ಹಾಡಿಸಿದರು. ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳುವುದು ಆ ಪ್ಲೇಟುಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದನ್ನು ಅಹಂಕಾರವೆಂದು ಭಾವಿಸಬಾರದು. ಮೇಣದ ಮೂಲಗಳು ಜರ್ಮನಿಯ ಹಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಾಗಿತ್ತು. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲಿ ಎಂಬುದೇ ಅದರ ಉದ್ದೇಶ. ಕಲ್ಕತ್ತೆಯಲ್ಲಿಯೇ ಪ್ಲೇಟು ಒತ್ತುವ ಕಾರ್ಖಾನೆಯಾದುದು ೧೯೦೮ರಲ್ಲಿ. ಲಕ್ಷಾಂತರ ಮನೆಗಳನ್ನು ಹೊಕ್ಕ ಆ ಕಂಠದ ಒಡತಿ ಕೊನೆಗಾಲದಲ್ಲಿ ಬಂದು ನೆಲೆಸಿದುದು ನಮ್ಮ ಮೈಸೂರಿನಲ್ಲಿ. ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಶ್ರಯ ಪಡೆದ ಆಕೆ ೧೯೩೦ರ ಜನವರಿ ೧೭ರಂದು ಅಲ್ಲಿಯೇ ತೀರಿಕೊಂಡರು. ಆಕೆಯ ಸಭಾಗಾಯನವನ್ನು ಕಿವಿಯಾರೆ ಕೇಳಿದವರು ಇಂದು ಯಾರೂ ಉಳಿದಿಲ್ಲ. ಉಳಿದಿರುವುದು ಆ ಅರಗಿನ ತಟ್ಟೆಗಳು.

ಸಾಹಿತ್ಯವು ಅಚ್ಚಿನಲ್ಲಿದ್ದರೆ ಸಾಲದೇ, ಸ್ವರಪ್ರಸ್ತಾರವಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಮೇಲುಕೋಟೆಯಲ್ಲಿಯೇ ೧೯೦೫ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರ ಗೀತನಾಟಕಗಳ ಮಾತೆಲ್ಲವೂ ಪುಸ್ತಕದಲ್ಲಿದೆ. ಕವಿಯ ಕಿವಿಯೊಳಗಿದ್ದ ಧಾಟಿಯನ್ನು ಪುಸ್ತಕದ ಹಾಳೆಯಿಂದ ಎತ್ತಿಕೊಳ್ಳುವುದು ಎಷ್ಟು ಕಷ್ಟವೆಂಬುದು ಅವನ್ನು ಹಾಡಲು ಕೂತವರಿಗೆ ಗೊತ್ತು. ನಮ್ಮ ಸಂಗೀತದಲ್ಲಿ ಆಲಾಪನೆಯೂ ಕಲ್ಪನಾಸ್ವರವೂ ಆಯಾ ಗಳಿಗೆಯಲ್ಲಿ ಹುಟ್ಟಿ ಆಯಾ ಗಳಿಗೆಯಲ್ಲಿಯೇ ಮುಗಿಯತಕ್ಕವು. ನಿನ್ನೆಯ ತೋಡಿ ಇಂದಿನ ತೋಡಿಯಲ್ಲ.

ಅಮೆರಿಕದಲ್ಲಿ ಕಪ್ಪು ಜನರ ನಡುವೆ ಹುಟ್ಟಿ ಲೋಕವನ್ನೆಲ್ಲ ಆವರಿಸಿದ ಜಾಸ್ ಸಂಗೀತದ ಪ್ರಕೃತಿಯೂ ಇದೇ. ಒಂದೇ ಹಾಡನ್ನು ಒಂದೇ ದಿನ ಎರಡು ಸಲ ಮುದ್ರಿಸಿದರೂ ನಡುವಣ ಮನೋಧರ್ಮ ಬೇರೆಯಾಗಿರುತ್ತದೆ. ಆದುದರಿಂದಲೇ ಅಲ್ಲಿನ ರಸಿಕರು ಪ್ಲೇಟಿನ ಮೇಲೆ ಕೊರೆದ ಅಂಕೆಯನ್ನು ನಮ್ಮ ಪಂಡಿತರು ಪಾಠಾಂತರಗಳನ್ನು ನೋಡುವಂತೆ ನೋಡುತ್ತಾರೆ. ಇದು ಎಷ್ಟನೆಯ ಸಲದ ವಾದನ, ಎಂದು, ಎಲ್ಲಿ, ತುತ್ತೂರಿ ಹಿಡಿದವರಾರು ಎಂದು ವರ್ಷಗಟ್ಟಲೆ ವಾದಿಸುತ್ತಾರೆ. ಹೊರಗಿನವರಿಗೆ ಹುಚ್ಚಾಗಿ ತೋರಬಹುದು. ಆದರೆ ಅವರ ಕಳವಳಕ್ಕೆ ಕಾರಣವುಂಟು. ಜಾಸಿನ ಆದಿಪುರುಷರಲ್ಲಿ ಒಬ್ಬನೆಂದು ಎಲ್ಲರೂ ಹೆಸರಿಸುವ ನ್ಯೂ ಆರ್ಲಿಯನ್ಸಿನ ಬಡಿ ಬೋಲ್ಡನ್ (೧೮೭೭–೧೯೩೧) ಊದಿದ ಒಂದು ಸ್ವರವೂ ಇಂದು ಕೇಳಲು ದೊರೆಯದು. ಮೇಣದ ಉರುಳೆಯೊಂದರ ಮೇಲೆ ಆತನ ವಾದನ ಮುದ್ರಿತವಾಗಿತ್ತೆಂಬ ಮಾತು ಮಾತ್ರ ಉಳಿದಿದೆ, ಉರುಳೆ ಸಿಕ್ಕಲಿಲ್ಲ.

ಪ್ಯಾರಮೌಂಟ್ ಎಂಬ ಕಂಪೆನಿಯ ಕಥೆಯು ನಮ್ಮ ಅಟ್ಟಗಳಿಗೆ ಇನ್ನೂ ಹತ್ತಿರದ್ದು. ಇದು ವಿಸ್ಕಾನ್ಸಿನ್ ಪ್ರಾಂತದ ಒಂದು ಕುರ್ಚಿ ಕಾರ್ಖಾನೆಯ ಅಂಗಸಂಸ್ಥೆ! ಗ್ರಾಮಫೋನು ಪೆಟ್ಟಿಗೆಗಳನ್ನು ಮಾಡಹೊರಟವರು ಅದರೊಡನೆ ಪ್ಲೇಟುಗಳನ್ನೂ ಮಾರಿದರು. ಅಗ್ಗದ ಪ್ಲೇಟುಗಳೇ ಆದರೂ ಅವುಗಳಲ್ಲಿ ಬ್ಲೂಸ್ ಮತ್ತು ಜಾಸಿನ ಮಹಾನುಭಾವರು ಅನೇಕರು ಹಾಡಿದ್ದಾರೆ. ೧೯೩೦ರ ದಶಕದ ಮುಗ್ಗಟ್ಟಿನಲ್ಲಿ ಆ ವ್ಯಾಪಾರ ಮುಚ್ಚಿತು. ಲೋಹದ ಮೂಲಪಡಿಯಚ್ಚುಗಳು ಬಹುಮಟ್ಟಿಗೆ ನಾಶವಾದವು. ಮುಂದೆ ರಸಿಕರು ದಕ್ಷಿಣ ಪ್ರಾಂತಗಳಲ್ಲಿ ಬಡವರ ಮನೆಮನೆಯ ಬಾಗಿಲು ತಟ್ಟಿ, ಸವೆದ ಪ್ಲೇಟುಗಳನ್ನು ಚಿಲ್ಲರೆ ಕಾಸಿಗೆ ಕೊಂಡು ತಂದರು. ಇಂದು ಮರುಪ್ರಕಟಣೆಗೊಂಡಿರುವ ಆ ಹಾಡುಗಳಲ್ಲಿ ಎಷ್ಟೋ ಆ ಮನೆಗಳಿಂದ ಬಂದವೇ.

ಇನ್ನು ನಮ್ಮ ಕಡೆಯ ಒಂದು ಸಂಗತಿ. ಮೇಲುಕೋಟೆಯವರಿಗೆ ಮೈಸೂರಿನ ಅರಮನೆ ಪರಸ್ಥಳವಲ್ಲ. ಚೆಲುವನಾರಾಯಣಸ್ವಾಮಿಗೆ ರಾಜಮುಡಿಯನ್ನು ರಾಜ ಒಡೆಯರೂ, ಕೃಷ್ಣರಾಜಮುಡಿಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರೂ ಸಮರ್ಪಿಸಿದರೆಂಬುದು ಊರಿನ ಮಕ್ಕಳಿಗೂ ತಿಳಿದದ್ದು. ಅದೇ ವಂಶದ ಕಡೆಯ ಆಳರಸರಾದ ಜಯಚಾಮರಾಜ ಒಡೆಯರು (೧೯೧೯–೧೯೭೪) ‘ಶ್ರೀವಿದ್ಯಾ’ ಅಂಕಿತದಿಂದ ೯೪ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದನ್ನು ಸಂಗೀತಪ್ರಿಯರು ಬಲ್ಲರು. ಅವರು ಪ್ಲೇಟುಗಳ ಮಹಾಸಂಗ್ರಾಹಕರೂ ಆಗಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ೧೯೫೦ರ ಸುಮಾರಿಗೆ ಅವರ ಸಂಗ್ರಹವು ೨೦,೦೦೦ಕ್ಕೂ ಮಿಕ್ಕಿತ್ತೆಂದು ಅಂದಾಜು. ಪಿಯಾನೋ ವಾದ್ಯದಲ್ಲಿ ಸ್ವತಃ ಪರಿಶ್ರಮವಿದ್ದ ಅವರಿಗೆ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರನಲ್ಲಿ ವಿಶೇಷ ಅಭಿಮಾನ. ಈ ಮೆಟ್ನರ್ ಆಗ ದೇಶಬಿಟ್ಟು ಲಂಡನ್ನಿನಲ್ಲಿದ್ದ ಮುದುಕ. ಆರೋಗ್ಯವೂ ಕುಗ್ಗಿತ್ತು, ಲೋಕವೂ ಆತನನ್ನು ಬಹುಮಟ್ಟಿಗೆ ಮರೆತಿತ್ತು.

ಲಂಡನ್ನಿನ ಎಚ್.ಎಂ.ವಿ. ಸಂಸ್ಥೆಯಲ್ಲಿ ಹೆಸರಾಗಿದ್ದ ವಾಲ್ಟರ್ ಲೆಗ್ ಎಂಬವರು ಮೈಸೂರಿಗೆ ಬಂದು ಕೆಲವು ವಾರ ಅತಿಥಿಯಾಗಿದ್ದಾಗ, ಇನ್ನೂ ಮೂವತ್ತು ತುಂಬದ ಮಹಾರಾಜರು ಮೆಟ್ನರನ ಕೃತಿಗಳನ್ನು ಆತನಿಂದಲೇ ನುಡಿಸಿ ಮುದ್ರಿಸುವ ವೆಚ್ಚವನ್ನು ವಹಿಸಿಕೊಂಡರು. ಲೆಗ್ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಅವರ ನೆರವು ದೊರೆಯಿತು. ಹೀಗೆ ಮೆಟ್ನರನು ತನ್ನ ಮೂರು ಪಿಯಾನೋ ಕನ್‌ಚೆರ್ಟೊಗಳನ್ನೂ, ಹಲವು ಹಾಡುಗಳನ್ನೂ, ಬಿಡಿ ಕೃತಿಗಳನ್ನೂ ೧೯೫೧ರಲ್ಲಿ ಸಾಯುವ ಮುನ್ನ ಮುದ್ರಿಸಿದನು. ಮೂರನೆಯ ಕನ್‌ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅಂಕಿತಮಾಡಿದನು. ಮುಂದೆ ಅವು ಸಿ.ಡಿ.ಗಳಾಗಿ ಮರಳಿ ಹೊರಬಂದಿವೆ. ಇಂದು ಯಾವ ದೇಶದ ಪಿಯಾನೋ ವಿದ್ಯಾರ್ಥಿಯೇ ಆಗಲಿ ಮೆಟ್ನರನ ಕೈಯನ್ನು ಕೇಳುತ್ತಾನೆಂದರೆ, ಅದರ ಹಿಂದೆ ಕನ್ನಡನಾಡಿನ ಹಣವಿದೆ. ಪ್ರಜೆಗಳ ದುಡ್ಡು ಸಮುದ್ರದಾಚೆ ಹೋಯಿತೆಂದು ಆಕ್ಷೇಪಿಸುವವರು ಉಂಟು. ಆ ಆಕ್ಷೇಪಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಅರಸುಗಳು ಕಳೆದ ಹಣದ ಲೆಕ್ಕವನ್ನೆಲ್ಲ ನೋಡಿದರೆ, ಇಷ್ಟು ಕಾಲ ಬಾಳಿದ ವೆಚ್ಚಗಳು ಹೆಚ್ಚಿಲ್ಲವೆಂದು ನಮ್ಮ ಅಭಿಪ್ರಾಯ.

ಇದಕ್ಕಿಂತಲೂ ಪ್ಲೇಟುಗಳ ಪಾಡನ್ನು ಚೆನ್ನಾಗಿ ತೋರಿಸುವುದು ಇನ್ನೊಂದು ಪ್ರಸಂಗ. ಜರ್ಮನಿಯ ರಿಚರ್ಡ್ ಸ್ಟ್ರೌಸ್ ೧೯೪೮ರಲ್ಲಿ ರಚಿಸಿದ, ಆತನು ೧೯೪೯ರಲ್ಲಿ ತೀರಿಕೊಂಡ ಮೇಲೆ ‘ಕಡೆಯ ನಾಲ್ಕು ಹಾಡುಗಳು’ ಎಂದು ಪ್ರಸಿದ್ಧವಾದ ಗೀತೆಗಳು ಮೊದಲು ಸಭೆಯಲ್ಲಿ ಕೇಳಿಬಂದುದು ೧೯೫೦ರ ಮೇ ೨೨ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಕಚೇರಿಗೆ ೪,೮೦೦ ಡಾಲರುಗಳ ಹೊಣೆ ಹೊತ್ತವರು ನಮ್ಮ ಮಹಾರಾಜರು. ತಾವು ಹೋಗಲಾಗದಿದ್ದುದರಿಂದ ಅದನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದು ಏರ್ಪಾಟು. ಮುದ್ರಣವಾದುದು ಅಸಿಟೇಟು ಎಂದು ಕರೆಯುವ ತಟ್ಟೆಗಳ ಮೇಲೆ. ಲೋಹದ ತಗಡಿಗೆ ಮೆದು ಮೆರುಗೆಣ್ಣೆ ಬಳಿದು ಒಡನೆಯೇ ಕೊರೆದುಕೊಳ್ಳುವ ತಟ್ಟೆಯದು. ಮುಳ್ಳು ತಗಲಿದ ಪ್ರತಿ ಸಲವೂ ಅದು ಸವೆಯುತ್ತದೆ. ಪ್ರೀತಿಯಿಂದ ಹೆಚ್ಚು ಕೇಳಿದಷ್ಟೂ ಬೇಗ ಹಾಳು. ಅವು ಬಹಳವಾಗಿ ಸವೆದ ಮೇಲೆ ಲಾಂಗ್‌ಪ್ಲೇ ತಟ್ಟೆಯೊಂದು ಹೊರಬಂದಿತು. ಅದರ ಧ್ವನಿಯನ್ನು ಕೇಳಿ ಅನೇಕರು ನಿರಾಶರಾದರು. ಅನಂತರ ೨೦೦೭ರಲ್ಲಿ ರೋಜರ್ ಬಿಯರ್ಡ್ಸ್‌ಲಿ ಎಂಬವರೂ, ೨೦೧೪ರಲ್ಲಿ ಆಂಡ್ರೂ ರೋಸ್ ಎಂಬವರೂ ಗಣಕಯಂತ್ರಗಳ ಸಹಾಯದಿಂದ ಅದನ್ನು ಶುದ್ಧಿಮಾಡಿ ಬೇರೆಬೇರೆ ಸಂಸ್ಥೆಗಳ ಮೂಲಕ ಪ್ರಕಟಿಸಿದರು. ಮೈಸೂರಿನ ಅರಸರೊಬ್ಬರ ಕಿವಿಗಾಗಿ ಹಿಡಿದ ಆ ಸಂಜೆಯ ಹಾಡು ಹೀಗೆ ಲೋಕದ ಪಾಲಿಗೆ ಉಳಿಯಿತು.

ಇಂತಹ ಶುದ್ಧಿಯ ವಿಷಯದಲ್ಲಿ ರಸಿಕರೊಳಗೆ ಜಗಳವೇ ಇದೆ. ಚಟಪಟ ಸದ್ದನ್ನೂ ಸುಯ್ಯೆಂಬ ಸದ್ದನ್ನೂ ಪೂರ್ತಿಯಾಗಿ ತೊಳೆದುಹಾಕಹೋದರೆ ಕಂಠದ ನುಣುಪು, ಉಸಿರು ಎರಡೂ ಜೊತೆಯಲ್ಲಿಯೇ ಕೊಚ್ಚಿಹೋಗುತ್ತವೆ. ಸದ್ದಿದ್ದರೂ ಸರಿ, ಕಂಠ ನಮಗಿರಲಿ ಎಂಬ ಪಕ್ಷ ನಮ್ಮದು. ಇನ್ನೊಂದು ತೊಡಕು ವೇಗದ್ದು. ಹಳೆಯ ಪ್ಲೇಟುಗಳೆಲ್ಲವೂ ಸರಿಯಾಗಿ ೭೮ ಸುತ್ತಿನವಲ್ಲ. ವೇಗ ತಪ್ಪಿದರೆ ಶ್ರುತಿ ಏರಿ, ಗಂಭೀರ ಕಂಠದ ವಿದ್ವಾಂಸರು ಹುಡುಗರಂತೆ ಕೀರಲುತ್ತಾರೆ. ತಂಬೂರಿಯ ಶ್ರುತಿ ಬಲ್ಲ ಕಿವಿಯೊಂದು ಯಂತ್ರದ ಬಳಿ ಇಲ್ಲದಿದ್ದರೆ ಎಂತಹ ಯಂತ್ರವಿದ್ದೂ ಪ್ರಯೋಜನವಿಲ್ಲ.

ವೈರಮುಡಿಯನ್ನು ಮಂಡ್ಯದ ಖಜಾನೆಯಲ್ಲಿಟ್ಟು, ಉತ್ಸವದ ದಿನ ಕಾವಲಿನೊಡನೆ ಮೇಲುಕೋಟೆಗೆ ತರುತ್ತಾರೆ. ಅಟ್ಟದ ಮೇಲಿನ ಧ್ವನಿಗಳಿಗೆ ಅಂತಹ ಕಾವಲು ಬರುವುದು ಕನಸು. ಅವುಗಳ ಖಜಾಂಚಿಗಳು ಮನೆಯವರೇ. ಆದಕಾರಣ ಅಂತಹ ಕಟ್ಟು ಇರುವ ಮನೆಯವರು ಮಾಡತಕ್ಕ ಕೆಲಸವನ್ನು ಹೇಳಿಬಿಡುತ್ತೇವೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ, ಬಿಸಿಲು ತಾಗದ ಕಡೆ ನಿಲ್ಲಿಸಬೇಕು. ಹೆಂಚಿನ ಕೆಳಗಿನ ಅಟ್ಟದಲ್ಲಿ ಬೇಸಗೆಯ ಕಾವಿಗೆ ಅರಗು ಸೊಟ್ಟಗಾಗುತ್ತದೆ. ಧೂಳನ್ನು ಮೆದುವಾದ ಕುಂಚದಿಂದ ತೆಗೆಯಬೇಕು. ಸ್ಪಿರಿಟನ್ನು ಎಂದಿಗೂ ತಗಲಿಸಕೂಡದು. ಅರಗು ಅದರಲ್ಲಿ ಕರಗಿಹೋಗುವುದು. ಲೇಬಲಿನ ಮೇಲಿನ ಹೆಸರು, ರಾಗ, ಅಂಕೆಗಳನ್ನು ಬರೆದುಕೊಳ್ಳುವುದರ ಜೊತೆಗೆ, ಲೇಬಲಿನ ಸುತ್ತ ನುಣುಪಾದ ಭಾಗದಲ್ಲಿ ಕೊರೆದಿರುವ ಸಣ್ಣ ಅಂಕೆಯನ್ನೂ ಓರೆ ಬೆಳಕಿನಲ್ಲಿ ನೋಡಿ ಬರೆದುಕೊಳ್ಳಬೇಕು. ಎಷ್ಟೋ ಸಲ ಅದು ಎಂದಿನ ಮುದ್ರಣವೆಂದು ನಿರ್ಣಯಿಸುವುದು ಆ ಅಂಕೆಯಿಂದಲೇ. ಒಡೆದ ಪ್ಲೇಟಿನ ಚೂರುಗಳನ್ನು ಅಂಟಿಸದೆ, ಒಂದನ್ನೂ ಕಳೆಯದೆ, ಕಾಗದದಲ್ಲಿ ಸುತ್ತಿಡಿ. ಜೋಡಿಸಿ ನುಡಿಸಬಲ್ಲವರು ಇದ್ದಾರೆ. ಗೌಹರ್ ಜಾನ್ ಅವರ ಚರಿತ್ರೆಯನ್ನು ಬರೆದ ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಹಳೆಯ ಪ್ಲೇಟುಗಳ ಧ್ವನಿಯನ್ನು ಗಣಕಕ್ಕೆ ಇಳಿಸಿ ಎಲ್ಲರಿಗೂ ಕೇಳಿಸುವುದಕ್ಕೆಂದೇ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನಮ್ಮ ದೇಶದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು, ಪ್ರಕಟವಾದ ಮುಂದಿನ ವರ್ಷದಿಂದ ೬೦ ವರ್ಷಗಳವರೆಗೆ ಮಾತ್ರ. ಅಜ್ಜಂದಿರ ಕಾಲದ ಪ್ಲೇಟುಗಳ ಮಟ್ಟಿಗೆ ಮುದ್ರಣದ ಹಕ್ಕಿನ ಭಯ ಸಾಮಾನ್ಯವಾಗಿ ಇರದು.

ಪೆಟ್ಟಿಗೆ ಇನ್ನೂ ತಿರುಗುವ ಸ್ಥಿತಿಯಲ್ಲಿದ್ದು, ಒಮ್ಮೆ ಕೀಲಿ ಕೊಟ್ಟು ಕೇಳಿಯೇ ಬಿಡೋಣವೆಂದು ಮನೆಯವರಿಗೆ ಆಸೆಯಾದರೆ ತಪ್ಪಿಲ್ಲ. ಹಳೆಯ ಡಬ್ಬಿಯಲ್ಲಿ ಉಳಿದಿರುವ, ಬಳಸಿದ ಮುಳ್ಳನ್ನು ಮಾತ್ರ ಹಾಕಬಾರದು. ಉಕ್ಕಿನ ಮುಳ್ಳು ಒಂದು ಮಗ್ಗುಲಿಗೆ ಒಂದೇ ಸಲ. ಮಗುಚಿ ಹಾಕುವಾಗ ಹೊಸದು.